ಜೀನ್‌ನ ಹೆಸರಿನ ಜಾಗದಲ್ಲಿ ಒಂದು ತಾರೀಖು

ನಮ್ಮ ಪ್ರಯೋಗಾಲಯದ ಭತ್ತದ ಜೀನ್‌ಗಳ ಪಟ್ಟಿ ಕಂಪ್ಯೂಟರಿನ ಒಂದು ಸ್ಪ್ರೆಡ್‌ಶೀಟ್ ಹಾಳೆಯಲ್ಲಿತ್ತು. ಅದರಲ್ಲಿ ಜೀನ್‌ನ ಹೆಸರು ಇರಬೇಕಾದ ಕಡೆ ‘01-ಡಿಸೆಂ’ ಅಂತ ಇತ್ತು. ಯಾರೋ ಕೆಲಸ ಮಾಡಿದ ದಿನವನ್ನು ಗುರುತು ಹಾಕಿಕೊಂಡಿರಬೇಕು ಅಂದುಕೊಂಡು ಆ ಸಾಲು ಬಿಟ್ಟು ಮುಂದಕ್ಕೆ ಹೋದೆ. ಎರಡು ದಿನ ಆದಮೇಲೆ ರಾತ್ರಿ ಊಟಕ್ಕೆ ಕೂತಾಗ ತಟ್ಟನೆ ಹೊಳೆಯಿತು. ಅದು ತಾರೀಖಲ್ಲ, ಡೆಕ್1.

ಡೆಕ್1 ಭತ್ತದ ಒಂದು ಜೀನ್. ಗೆಣ್ಣಿನಿಂದ ಗೆಣ್ಣಿಗೆ ಕಾಂಡ ಉದ್ದವಾಗುವುದನ್ನು ತಡೆದು ಹಿಡಿಯುತ್ತದೆ. ಅದರ ಜೊತೆಗಾರ ಏಸ್1, ಉದ್ದ ಮಾಡಿಸುವ ಜೀನ್. 2020ರಲ್ಲಿ ಜಪಾನಿನ ವಿಜ್ಞಾನಿಗಳು ಇವೆರಡರ ಕೆಲಸವನ್ನು ಬಿಡಿಸಿ ಹೇಳಿದರು. ಬರೆಯುವಾಗ ಇಂಗ್ಲಿಷಿನ ಡಿ, ಇ, ಸಿ ಮೂರಕ್ಷರ, ಪಕ್ಕದಲ್ಲಿ ಒಂದು. ಡಿಸೆಂಬರಿನ ಮೊದಲ ಮೂರಕ್ಷರವೂ ಅದೇ ಅಲ್ವಾ? ಸ್ಪ್ರೆಡ್‌ಶೀಟ್ ಅದನ್ನು ತಾರೀಖು ಅಂತ ತಿಳಿದು ಬದಲಾಯಿಸಿಬಿಟ್ಟಿತ್ತು.

ಮತ್ತೆ ಹಾಳೆ ತೆಗೆದು ನೋಡಿದೆ. ಇನ್ನೂ ಕೆಳಗೆ ಒಂದು ಸಾಲಿನಲ್ಲಿ ಹೆಸರಿನ ಜಾಗದಲ್ಲಿ 44166 ಅಂತ ಬರೀ ಸಂಖ್ಯೆ. ಅದೂ ಡೆಕ್1 ಆಗಿತ್ತು. ಸ್ಪ್ರೆಡ್‌ಶೀಟ್ ತಾರೀಖುಗಳನ್ನು ಒಳಗೆ ಇಟ್ಟುಕೊಳ್ಳುವುದು 1900ರಿಂದ ದಿನ ಎಣಿಸಿಕೊಂಡು ಬಂದ ಸಂಖ್ಯೆಯಾಗಿ. 2020ರ ಡಿಸೆಂಬರ್ 1 ಆ ಲೆಕ್ಕದಲ್ಲಿ 44166. ಯಾರೋ ತಾರೀಖು ಕಾಣಬಾರದು ಅಂತ ಆ ಕಾಲಮ್ಮನ್ನು ಸಂಖ್ಯೆಗೆ ತಿರುಗಿಸಿದ್ದರು. ಒಂದೇ ಜೀನ್ ಒಂದೇ ಹಾಳೆಯಲ್ಲಿ ಎರಡು ಕಡೆ ಇತ್ತು, ಎರಡು ಕಡೆಯೂ ಅದರ ಹೆಸರು ಇರಲಿಲ್ಲ.

ಮನುಷ್ಯರ ಜೀನ್‌ಗಳಿಗೆ ಈ ಕಾಟ ಇನ್ನೂ ಜಾಸ್ತಿ ಇತ್ತು. ಸೆಪ್ಟ್1, ಮಾರ್ಚ್1 ಅಂತೆಲ್ಲ ಹೆಸರುಗಳಿದ್ದವು. ಸ್ಪ್ರೆಡ್‌ಶೀಟಿನಲ್ಲಿ ಜೀನ್ ಪಟ್ಟಿ ಲಗತ್ತಿಸಿದ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದಕ್ಕೆ ಒಂದರಲ್ಲಿ ಇಂಥ ತಪ್ಪು ಇದೆ ಅಂತ 2016ರಲ್ಲಿ ಒಂದು ಅಧ್ಯಯನ ಲೆಕ್ಕ ಹಾಕಿ ತೋರಿಸಿತು. ಕೊನೆಗೆ 2020ರಲ್ಲಿ, ಜೀನ್‌ಗಳಿಗೆ ಹೆಸರಿಡುವ ಸಮಿತಿ ಹೆಸರುಗಳನ್ನೇ ಬದಲಾಯಿಸಿತು. ಸೆಪ್ಟ್1 ಹೋಗಿ ಸೆಪ್ಟಿನ್1 ಆಯಿತು, ಮಾರ್ಚ್1 ಹೋಗಿ ಮಾರ್ಚ್‌ಎಫ್1 ಆಯಿತು. ಭತ್ತದ ಡೆಕ್1 ಮಾತ್ರ ಹಾಗೇ ಉಳಿದಿದೆ. ಅದನ್ನು ಕಾಪಾಡಿಕೊಳ್ಳುವುದು ಹಾಳೆ ಇಟ್ಟುಕೊಂಡವರ ಕೆಲಸ.

ನಾನು ಸೇರಿದ್ದು ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ. ಮಲೆನಾಡಿನ ಹಳೇ ಪರಿಮಳದ ಭತ್ತಗಳ ಮೇಲೆ ಅಲ್ಲಿ ಕೆಲಸ ನಡೆಯುತ್ತಿತ್ತು. ಜೀರಿಗೆ ಸಣ್ಣ, ಗಂಧಸಾಲೆ ಥರದವು. ಅನ್ನಕ್ಕೆ ಆ ಘಮ ಎಲ್ಲಿಂದ ಬರುತ್ತದೆ, ಪೈರು ಅಷ್ಟು ಎತ್ತರ ಬೆಳೆದು ಮಳೆಗೆ ಮಲಗಿಬಿಡುವುದು ಯಾಕೆ, ಈ ಎರಡು ಪ್ರಶ್ನೆ. ಇವಕ್ಕೆ ಸಂಬಂಧಪಟ್ಟ ಜೀನ್‌ಗಳನ್ನೆಲ್ಲ ಏಳೆಂಟು ವರ್ಷದಲ್ಲಿ ಒಬ್ಬರಾದ ಮೇಲೊಬ್ಬರು ಒಂದೇ ಹಾಳೆಗೆ ಸೇರಿಸುತ್ತಾ ಬಂದಿದ್ದರು. ಒಟ್ಟು 412 ಸಾಲು. ಅದನ್ನು ಶುದ್ಧ ಮಾಡಿ, ಜೊತೆಗೆ ಕೆಲಸ ಮಾಡುವ ಇನ್ನೆರಡು ಊರಿನ ತಂಡಗಳಿಗೆ ಕೊಡಬೇಕು. ಆಮೇಲೆ ನಮ್ಮ ಹೊಸ ಸೀಕ್ವೆನ್ಸ್‌ಗಳನ್ನು, ಅಂದರೆ ಡಿಎನ್‌ಎಯ ಅಕ್ಷರಗಳನ್ನು ಸಾಲಾಗಿ ಓದಿ ಬರೆದಿದ್ದನ್ನು, ಸಾರ್ವಜನಿಕ ಡೇಟಾಬೇಸಿಗೆ ಹಾಕಬೇಕು. ನನಗೆ ಒಪ್ಪಿಸಿದ ಕೆಲಸ ಇಷ್ಟೇ. ಒಂದು ತಿಂಗಳಲ್ಲಿ ಆಗುತ್ತೆ ಅಂದುಕೊಂಡಿದ್ದೆ. ಹದಿನಾಲ್ಕು ತಿಂಗಳು ಹಿಡಿಯಿತು.

ಈ ಕೆಲಸಕ್ಕೆ ಅನೋಟೇಶನ್ ಅಂತ ಹೆಸರು. ಹಾಗಂದರೆ ಏನು ಅಂತ ಮನೆಯಲ್ಲಿ ಕೇಳಿದಾಗ ನಾನು ಪಹಣಿ ತೋರಿಸಿ ಹೇಳಿದ್ದೆ. ಜೀನೋಮ್ ಅಂದರೆ ಉದ್ದಕ್ಕೂ ಬಿದ್ದಿರುವ ಜಮೀನು. ಎ, ಟಿ, ಜಿ, ಸಿ ಎಂಬ ಡಿಎನ್‌ಎ ಅಕ್ಷರಗಳಲ್ಲಿ ಲೆಕ್ಕ ಹಾಕಿದರೆ ಭತ್ತದ್ದು ಸುಮಾರು 39 ಕೋಟಿ ಅಕ್ಷರಗಳಷ್ಟು ಉದ್ದ. ಎಲ್ಲಿಂದ ಎಲ್ಲಿಗೆ ಒಂದು ಜೀನ್, ಅದರ ನಂಬರ್ ಏನು, ಅಲ್ಲಿ ಏನು ಕೆಲಸ ನಡೆಯುತ್ತದೆ, ಇದನ್ನು ಬರೆದಿಡುವುದೇ ಅನೋಟೇಶನ್. ಪಹಣಿಯಲ್ಲಿ ಸರ್ವೆ ನಂಬರ್, ವಿಸ್ತೀರ್ಣ, ಬೆಳೆ ಇದ್ದ ಹಾಗೆ. ಅಪ್ಪನಿಗೆ ಕೂಡಲೇ ಅರ್ಥ ಆಯಿತು. “ಹಾಗಾದ್ರೆ ಪಹಣಿಯಲ್ಲಿ ಬೆಳೆ ತಪ್ಪು ಬರೆದಿದ್ರೆ?” ಅಂತ ಕೇಳಿದರು. ಇಡೀ ಹದಿನಾಲ್ಕು ತಿಂಗಳು ನಾನು ಮಾಡಿದ್ದು ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ.

ಮೊದಲ ತೊಡಕು ನಂಬರ್‌ಗಳದ್ದು. ಭತ್ತದ ಜೀನೋಮನ್ನು ಹತ್ತು ದೇಶಗಳು ಸೇರಿ ಓದಿ 2005ರಲ್ಲಿ ಪ್ರಕಟಿಸಿದವು. ತೆಗೆದುಕೊಂಡ ತಳಿ ಜಪಾನಿನ ನಿಪ್ಪೊನ್‌ಬಾರೆ. ಜೀನೋಮ್ ಹಂಚಿಕೊಂಡಿರುವ ತುಂಡುಗಳಿಗೆ ಕ್ರೋಮೊಸೋಮ್ ಅನ್ನುತ್ತಾರೆ. 11ನೇ ಕ್ರೋಮೊಸೋಮಿನ ಒಂದು ಭಾಗವನ್ನು ಓದಿದ್ದು ನಮ್ಮ ದೇಶದವರು, ದೆಹಲಿಯಲ್ಲಿ. ಆದರೆ ಜೀನ್‌ಗಳನ್ನು ಗುರುತಿಸುವ ಕೆಲಸ ಎರಡು ಕಡೆ ಬೇರೆಬೇರೆಯಾಗಿ ನಡೆಯಿತು. ಜಪಾನಿನಲ್ಲಿ ರಾಪ್ ಅಂತ ಒಂದು, ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಕಡೆಯಿಂದ ಇನ್ನೊಂದು. 2013ರ ಹೊತ್ತಿಗೆ ಇಬ್ಬರೂ ಓದಿದ ಚೂರುಗಳನ್ನು ಸೇರಿಸಿ ಮಾಡಿದ ಒಂದೇ ಜೀನೋಮ್ ಜೋಡಣೆಯನ್ನು, ಐಆರ್‌ಜಿಎಸ್‌ಪಿ-1.0 ಅನ್ನು, ಒಪ್ಪಿಕೊಂಡರು. ಜಮೀನು ಒಂದೇ ಆಯಿತು, ಸರ್ವೆ ನಂಬರ್ ಮಾತ್ರ ಎರಡೂ ಉಳಿದವು.

ಪರಿಮಳದ ಜೀನನ್ನೇ ತೆಗೆದುಕೊಳ್ಳಿ. ರಾಪ್‌ನಲ್ಲಿ ಅದು ಓಎಸ್08ಜಿ0424500. ಮಿಶಿಗನ್‌ನಲ್ಲಿ ಎಲ್‌ಒಸಿ_ಓಎಸ್08ಜಿ32870. ಎರಡರಲ್ಲೂ 08 ಅಂದರೆ ಎಂಟನೇ ಕ್ರೋಮೊಸೋಮ್. ಅಷ್ಟು ಬಿಟ್ಟರೆ ಒಂದನ್ನು ನೋಡಿ ಇನ್ನೊಂದನ್ನು ಹೇಳಲು ಆಗುವುದಿಲ್ಲ. ಸಾಲದ್ದಕ್ಕೆ ಕರೆಯುವ ಹೆಸರುಗಳು ಬೇರೆ. ಒಬ್ಬರು ಬ್ಯಾಡ್2 ಅನ್ನುತ್ತಾರೆ, ಇನ್ನೊಬ್ಬರು ಬಿಎಡಿಎಚ್2, ಹಳೇ ಲೇಖನಗಳಲ್ಲಿ ಎಫ್‌ಜಿಆರ್. ನಮ್ಮ ಹಾಳೆಯಲ್ಲಿ ಈ ಒಂದೇ ಜೀನ್ ನಾಲ್ಕು ಸಾಲಿನಲ್ಲಿತ್ತು, ನಾಲ್ಕು ಬೇರೆ ಜೀನ್‌ಗಳ ಹಾಗೆ.

ಎಣಿಸಿದೆ. 231 ಸಾಲಿಗೆ ರಾಪ್ ನಂಬರ್, 118ಕ್ಕೆ ಮಿಶಿಗನ್ ನಂಬರ್, 63ಕ್ಕೆ ಬರೀ ಹೆಸರು. ಎರಡು ನಂಬರ್‌ಗಳನ್ನು ಹೊಂದಿಸುವ ಕಡತ ರಾಪ್‌ನವರೇ ಕೊಟ್ಟಿದ್ದಾರೆ. ಅದನ್ನು ಇಳಿಸಿಕೊಂಡು 118ನ್ನೂ ರಾಪ್‌ಗೆ ತಿರುಗಿಸಿದೆ. 97ಕ್ಕೆ ನೇರ ಉತ್ತರ ಸಿಕ್ಕಿತು. 15ಕ್ಕೆ ಎರಡೋ ಮೂರೋ ಉತ್ತರ. ಅಮೆರಿಕದವರು ಒಂದು ಜೀನ್ ಅಂದಿದ್ದನ್ನು ಜಪಾನಿನವರು ಎರಡು ಅಂದಿದ್ದರು. ಇನ್ನು ಆರಕ್ಕೆ ಎದುರಿಗೆ ಏನೂ ಇಲ್ಲ. ಆ 21 ಸಾಲನ್ನು ಕಂಪ್ಯೂಟರಿಗೆ ಬಿಡಲಿಲ್ಲ. ಜೀನೋಮ್ ಬ್ರೌಸರ್ ತೆರೆದು, ಎರಡೂ ಕಡೆಯ ಗುರುತುಗಳನ್ನು ಒಂದರ ಕೆಳಗೆ ಒಂದು ಇಟ್ಟು ಕಣ್ಣಲ್ಲೇ ನೋಡಿದೆ. ಒಂದೊಂದಕ್ಕೆ ಅರ್ಧ ದಿನ ಹೋಯಿತು. ಅದು ದಂಡ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಬರೀ ಹೆಸರಿದ್ದ ಸಾಲುಗಳಲ್ಲಿ ಒಂದು ಸಬ್1ಎ. ಪ್ರವಾಹದಲ್ಲಿ ಪೂರ್ತಿ ಮುಳುಗಿದರೂ ಪೈರು ಬದುಕುವ ಹಾಗೆ ಮಾಡುವ ಜೀನ್, ಒಡಿಶಾದ ಎಫ್‌ಆರ್13ಎ ಎಂಬ ತಳಿಯಿಂದ ಬಂದಿದ್ದು. ನಮ್ಮ ರೈತರು ಬೆಳೆಯುವ ಸ್ವರ್ಣ ಸಬ್1 ಭತ್ತದಲ್ಲಿ ಇರುವುದು ಅದೇ. ಒಂದು ಬೆಳಗ್ಗೆಯೆಲ್ಲ ಅದರ ರಾಪ್ ನಂಬರ್ ಹುಡುಕಿದೆ. ಸಿಗಲಿಲ್ಲ. ಸಿಗುವುದು ಸಾಧ್ಯವೂ ಇರಲಿಲ್ಲ. ನಿಪ್ಪೊನ್‌ಬಾರೆಯಲ್ಲಿ ಆ ಜೀನೇ ಇಲ್ಲ. ಅಕ್ಕಪಕ್ಕದ ಸಬ್1ಬಿ, ಸಬ್1ಸಿ ಇವೆ, ಇದಿಲ್ಲ. ಒಂದೇ ತಳಿಯ ಜಮೀನನ್ನು ಅಳೆದು ಮಾಡಿದ ದಾಖಲೆಯಲ್ಲಿ ಬೇರೆ ತಳಿಯ ಆಸ್ತಿ ಹೇಗೆ ಕಾಣಬೇಕು? ನಮ್ಮ ನಾಡಿನ ಹಳೇ ಭತ್ತಗಳಲ್ಲಿ ಹೀಗೆ ನಂಬರೇ ಇಲ್ಲದ ಜೀನ್‌ಗಳು ಇರಬಹುದು ಅನ್ನುವುದು ಆವತ್ತು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಆ ಸಾಲಿನಲ್ಲಿ ನಂಬರಿನ ಕಡೆ ‘ನಿಪ್ಪೊನ್‌ಬಾರೆಯಲ್ಲಿ ಇಲ್ಲ’ ಅಂತಲೇ ಬರೆದೆ. ಸುಮ್ನೆ ಖಾಲಿ ಬಿಟ್ಟಿದ್ದರೆ ಮುಂದೆ ಯಾರಾದರೂ ಸಬ್1ಸಿಯ ನಂಬರನ್ನು ತಂದು ತುಂಬಿಬಿಡುತ್ತಿದ್ದರು.

ಮೊದಲ ಸಲ ಹಾಳೆಯನ್ನು ಇನ್ನೊಂದು ಊರಿನ ತಂಡಕ್ಕೆ ಕಳಿಸಿದ ವಾರ ಅವರಿಂದ ಫೋನ್ ಬಂತು. ನಮ್ಮ ಗುರುತುಗಳಿಂದ ಜೀನ್‌ಗಳನ್ನು ಕತ್ತರಿಸಿ ತೆಗೆದರೆ ಪ್ರೋಟೀನ್ ಬರುತ್ತಿಲ್ಲ ಅಂತ. ಪ್ರೋಟೀನಿನ ಓದು ಶುರುವಾಗುವುದು ಎಟಿಜಿ ಎಂಬ ಮೂರಕ್ಷರದಿಂದ. ಅವರಿಗೆ ಸಿಗುತ್ತಿದ್ದಿದ್ದು ಟಿಜಿ. ಎ ಮಾಯ. ಆದರೆ ಎಲ್ಲಾ ಜೀನ್‌ಗಳಲ್ಲೂ ಅಲ್ಲ, ಸುಮಾರು ಅರ್ಧದಲ್ಲಿ ಮಾತ್ರ. ಉಳಿದ ಅರ್ಧದಲ್ಲಿ ಶುರು ಸರಿಯಾಗಿದ್ದು ಕೊನೆಯ ಅಕ್ಷರ ಹೋಗಿತ್ತು.

ಈ ‘ಅರ್ಧ’ ಅನ್ನೋದೇ ದಾರಿ ತೋರಿಸಿತು. ಡಿಎನ್‌ಎಗೆ ಎರಡು ಎಳೆ. ಜೀನ್‌ಗಳು ಕೆಲವು ಪ್ಲಸ್ ಎಳೆಯಲ್ಲಿ, ಕೆಲವು ಮೈನಸ್ ಎಳೆಯಲ್ಲಿ. ಪ್ಲಸ್‌ನವಕ್ಕೆ ತಲೆ ಹೋಗಿದೆ, ಮೈನಸ್‌ನವಕ್ಕೆ ಬಾಲ ಹೋಗಿದೆ ಅಂದರೆ, ಎಲ್ಲ ಕಡೆ ಎಡಗಡೆಯ ಒಂದೇ ಒಂದು ಅಕ್ಷರ ಹೋಗಿದೆ ಅಂತ ಅರ್ಥ. ನಾವು ಇಟ್ಟುಕೊಂಡಿದ್ದು ಜಿಎಫ್‌ಎಫ್3 ಪದ್ಧತಿ. ಅದರಲ್ಲಿ ಎಣಿಕೆ ಶುರುವಾಗುವುದು ಒಂದರಿಂದ. ಅವರ ಪ್ರೋಗ್ರಾಂ ಓದುವುದು ಬೆಡ್ ಪದ್ಧತಿ. ಅದರಲ್ಲಿ ಶುರು ಸೊನ್ನೆಯಿಂದ. ನಾವು 101ರಿಂದ 200 ಅಂದರೆ ಅದನ್ನೇ ಬೆಡ್‌ನಲ್ಲಿ 100ರಿಂದ 200 ಅಂತ ಬರೆಯಬೇಕು. ನಾನು ಕಳಿಸಿದ ಹಾಳೆಯಲ್ಲಿ ಶುರು, ಕೊನೆ ಅಂತ ಎರಡು ಕಾಲಮ್ ಇತ್ತೇ ಹೊರತು, ಯಾವ ಪದ್ಧತಿಯ ಎಣಿಕೆ ಅಂತ ಎಲ್ಲೂ ಬರೆದಿರಲಿಲ್ಲ. ತಪ್ಪು ನನ್ನದೇ. ಆವತ್ತೇ ಹಾಳೆಯ ಮೇಲ್ಗಡೆ ಒಂದು ಸಾಲು ಸೇರಿಸಿದೆ: ಎಣಿಕೆ ಒಂದರಿಂದ, ಎರಡೂ ತುದಿ ಸೇರಿ, ಜೋಡಣೆ ಐಆರ್‌ಜಿಎಸ್‌ಪಿ-1.0.

ಇವೆಲ್ಲ ಕಣ್ಣಿಗೆ ಬೀಳುವ ತಪ್ಪುಗಳು. ಪ್ರೋಗ್ರಾಂ ನಿಂತುಹೋಗುತ್ತೆ, ಫೋನ್ ಬರುತ್ತೆ, ಸರಿ ಮಾಡ್ತೀವಿ. ನನ್ನನ್ನು ನಿಜವಾಗಿ ಹೆದರಿಸಿದ ತಪ್ಪು ಯಾವ ಪ್ರೋಗ್ರಾಮನ್ನೂ ನಿಲ್ಲಿಸಿರಲಿಲ್ಲ.

ಜೀನ್‌ಗಳ ಕೆಲಸವನ್ನು ಎಲ್ಲರೂ ಒಂದೇ ಮಾತಿನಲ್ಲಿ ಹೇಳಲಿ ಅಂತ 1998ರಲ್ಲಿ ಜೀನ್ ಆಂಟಾಲಜಿ ಎಂಬ ಕೆಲಸ ಶುರುವಾಯಿತು. ನೊಣ, ಯೀಸ್ಟ್, ಇಲಿ, ಈ ಮೂರರ ಡೇಟಾಬೇಸಿನವರು ಸೇರಿ ಶುರು ಮಾಡಿದ್ದು. ಒಂದೊಂದು ಕೆಲಸಕ್ಕೂ ಒಂದು ಪದ, ಒಂದು ಸಂಖ್ಯೆ. ಯಾವ ಜೀನ್‌ಗೆ ಯಾವ ಪದ ಅನ್ನುವ ಪಟ್ಟಿ ಗ್ಯಾಫ್ ಎಂಬ ಕಡತದಲ್ಲಿ ಬರುತ್ತದೆ. ಸಾಲಿಗೆ 17 ಕಾಲಮ್. ಹಿಂದೆ ಯಾರೋ ಆ ಕಡತದಿಂದ ನಮ್ಮ ಹಾಳೆಗೆ ತುಂಬುವಾಗ ಬೇಕಾದ ಎರಡು ಕಾಲಮ್ ಮಾತ್ರ ತೆಗೆದುಕೊಂಡಿದ್ದರು. ಜೀನ್‌ನ ಹೆಸರು, ಕೆಲಸದ ಪದ. ಮಿಕ್ಕಿದ್ದು ಬಿಟ್ಟಿದ್ದರು.

ನಾಲ್ಕನೇ ಕಾಲಮ್ಮಿನಲ್ಲಿ ಕೆಲವು ಸಲ ‘ನಾಟ್’ ಅಂತ ಇರುತ್ತದೆ. ಅಂದರೆ, ಈ ಜೀನ್ ಈ ಕೆಲಸ ಮಾಡುವುದಿಲ್ಲ ಅಂತ ಪರೀಕ್ಷೆ ಮಾಡಿ ನೋಡಲಾಗಿದೆ. ಹೋಲಿಕೆ ನೋಡಿ ಎಲ್ಲರೂ ಮಾಡುತ್ತದೆ ಅಂದುಕೊಂಡಿದ್ದನ್ನು ಯಾರೋ ಕಷ್ಟಪಟ್ಟು ಪರೀಕ್ಷೆ ಮಾಡಿ ಅಲ್ಲಗಳೆದ ಸಾಲು ಅದು. ನಮ್ಮ ಹಾಳೆಯಲ್ಲಿ ಅಂಥ ಸಾಲು ಎರಡಿದ್ದವು. ನಾಲ್ಕನೇ ಕಾಲಮ್ ಬಿದ್ದುಹೋದ ಮೇಲೆ ‘ಮಾಡುವುದಿಲ್ಲ’ ಹೋಗಿ ‘ಮಾಡುತ್ತದೆ’ ಆಗಿತ್ತು. ಅದರಲ್ಲಿ ಒಂದು ಜೀನ್‌ನ ಮೇಲೆ ಒಬ್ಬ ವಿದ್ಯಾರ್ಥಿ ಆರು ತಿಂಗಳು ಪ್ರಯೋಗ ಮಾಡಿದ್ದ. ಫಲಿತಾಂಶ ಬರಲಿಲ್ಲ ಅಂತ ಬೇಜಾರಾಗಿ ಕೆಲಸವನ್ನೇ ಬಿಟ್ಟಿದ್ದ. ಅವನ ಪ್ರಯೋಗ ಸರಿಯಾಗೇ ಇತ್ತು. ಸುಳ್ಳು ಹೇಳಿದ್ದು ಹಾಳೆ.

ಅವನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, “ಹೇಳಿದ್ದು ಒಳ್ಳೇದಾಯ್ತು ಅಕ್ಕ” ಅಂದ.

ಆ ಸಂಜೆ ಪ್ರಯೋಗಾಲಯ ನಡೆಸುವ ಮೇಡಂ ಹತ್ತಿರ ಹೋಗಿ, ಬರೀ ಹೆಸರು ಸರಿ ಮಾಡಿದರೆ ಸಾಲದು, ಪ್ರತಿ ಸಾಲಿಗೂ ಇದನ್ನು ಯಾರು ಹೇಳಿದರು, ಯಾವಾಗ ಹೇಳಿದರು, ಏನನ್ನು ನೋಡಿ ಹೇಳಿದರು ಅಂತ ಹುಡುಕಿ ಬರೆಯಬೇಕು ಅಂದೆ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಎಷ್ಟು ತಿಂಗಳು ಬೇಕು?” ಅಂದರು. “ಗೊತ್ತಿಲ್ಲ ಮೇಡಂ.” “ಸರಿ, ಶುರು ಮಾಡು.”

ಆ ಗ್ಯಾಫ್ ಕಡತದ ಏಳನೇ ಕಾಲಮ್ಮಿನಲ್ಲಿ ಆಧಾರದ ಗುರುತು ಇರುತ್ತದೆ. ಐಡಿಎ ಅಂದರೆ ನೇರವಾಗಿ ಪರೀಕ್ಷೆ ಮಾಡಿ ನೋಡಿದ್ದು. ಐಎಂಪಿ ಅಂದರೆ ಜೀನ್ ಕೆಟ್ಟಾಗ ಗಿಡಕ್ಕೆ ಏನಾಯಿತು ಅಂತ ನೋಡಿ ಹೇಳಿದ್ದು. ಐಎಸ್‌ಎಸ್ ಅಂದರೆ ಇನ್ನೊಂದು ಜೀನ್ ಜೊತೆ ಹೋಲಿಕೆ ನೋಡಿ ಹೇಳಿದ್ದು. ಐಇಎ ಅಂದರೆ ಮನುಷ್ಯರು ನೋಡಿಯೇ ಇಲ್ಲ, ಕಂಪ್ಯೂಟರ್ ತಾನಾಗಿ ಹಾಕಿದ್ದು. ಐಇಎ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಅದಿಲ್ಲದಿದ್ದರೆ ಲಕ್ಷಾಂತರ ಜೀನ್‌ಗಳ ಬಗ್ಗೆ ಏನೂ ಗೊತ್ತಿರುತ್ತಿರಲಿಲ್ಲ. ಆದರೆ ಊಹೆಯನ್ನು ಊಹೆ ಅಂತಲೇ ಹೇಳಬೇಕು. ಒಬ್ಬರ ಊಹೆಯನ್ನು ಇನ್ನೊಬ್ಬರು ನಕಲು ಮಾಡಿ, ಅದನ್ನು ನೋಡಿ ಮೂರನೆಯವರು ಮತ್ತೊಂದು ಜೀನ್‌ಗೆ ಅದೇ ಕೆಲಸ ಅಂಟಿಸಿದರೆ, ನಾಲ್ಕನೆಯವರಿಗೆ ಅದು ಸತ್ಯದ ಹಾಗೆ ಕಾಣುತ್ತದೆ. ಪ್ರೋಟೀನ್‌ಗಳ ಡೇಟಾಬೇಸ್ ಆದ ಯುನಿಪ್ರಾಟ್‌ನಲ್ಲಿ ಮನುಷ್ಯರು ಓದಿ ಪರಿಶೀಲಿಸಿದ ಸ್ವಿಸ್-ಪ್ರಾಟ್ ಭಾಗವನ್ನೂ ಕಂಪ್ಯೂಟರ್ ತುಂಬಿದ ಟ್ರೆಂಬಲ್ ಭಾಗವನ್ನೂ ಬೇರೆ ಇಟ್ಟಿರುವುದು ಇದೇ ಕಾರಣಕ್ಕೆ.

ಪರಿಮಳದ ಜೀನ್‌ನ ಹೆಸರೇ ಇದಕ್ಕೆ ಉದಾಹರಣೆ. ಬಿಎಡಿಎಚ್ ಅಂದರೆ ಬೀಟೇನ್ ಆಲ್ಡಿಹೈಡ್ ಡಿಹೈಡ್ರಾಜಿನೇಸ್. ಹೆಸರು ಕೇಳಿದರೆ ಗಿಡದಲ್ಲಿ ಗ್ಲೈಸೀನ್ ಬೀಟೇನ್ ತಯಾರು ಮಾಡುವ ಕಿಣ್ವ ಅನ್ನಿಸುತ್ತದೆ. ಪಾಲಕ್‌ನಂಥ ಗಿಡಗಳಲ್ಲಿ ಹೌದು. ಭತ್ತ ಗ್ಲೈಸೀನ್ ಬೀಟೇನನ್ನು ಕೂಡಿಡುವ ಗಿಡವೇ ಅಲ್ಲ. ಭತ್ತದಲ್ಲಿ ಈ ಕಿಣ್ವ ಹೆಚ್ಚು ಇಷ್ಟಪಡುವುದು ಬೇರೊಂದು ವಸ್ತುವನ್ನು, ಗಾಮಾ ಅಮೈನೋ ಬ್ಯುಟಿರಾಲ್ಡಿಹೈಡ್ ಅಂತ. ಜೀನ್ ಸರಿಯಾಗಿದ್ದರೆ ಆ ವಸ್ತು ಖರ್ಚಾಗಿ ಹೋಗುತ್ತದೆ, ಅನ್ನಕ್ಕೆ ಪರಿಮಳ ಇರುವುದಿಲ್ಲ. ಜೀನ್ ಕೆಟ್ಟರೆ ಅದು ಉಳಿದು, ಬಾಸ್ಮತಿಯ ಘಮಕ್ಕೆ ಕಾರಣವಾದ 2-ಅಸಿಟೈಲ್-1-ಪೈರೊಲೀನ್ ಆಗುತ್ತದೆ. ಹೆಸರು ಬಂದಿದ್ದು ಹೋಲಿಕೆಯಿಂದ, ಕೆಲಸ ತಿಳಿದಿದ್ದು ಆಮೇಲೆ ಪರೀಕ್ಷೆಯಿಂದ. ನಮ್ಮ ಹಾಳೆಯಲ್ಲಿ ಈ ಜೀನ್‌ನ ಎದುರು ಎರಡೂ ಮಾತಿತ್ತು, ಯಾವುದಕ್ಕೆ ಏನು ಆಧಾರ ಅಂತ ಇರಲಿಲ್ಲ.

ಹೀಗೆ ಒಂದೊಂದಾಗಿ ಹಳೇ ಲೇಖನಗಳನ್ನು ತೆಗೆದು ಓದಿದೆ. ಏಳು ತಿಂಗಳು. ಒಂದೇ ಜೀನ್‌ಗೆ ಎರಡು ಮೂರು ಸಾಲು ಇದ್ದವನ್ನು ಸೇರಿಸಿದ ಮೇಲೆ 394 ಜೀನ್ ಉಳಿದವು. ಅದರಲ್ಲಿ 41ಕ್ಕೆ ಯಾವ ಆಧಾರವೂ ಸಿಗಲಿಲ್ಲ. ನಮ್ಮ ಜೊತೆ ಆಗ ತಾನೇ ಸೇರಿದ್ದ ಹುಡುಗಿ, “ಅಕ್ಕ, ಹೊರಗಿನವರಿಗೆ ಕೊಡುವ ಹಾಳೆ, 41 ಕಡೆ ಖಾಲಿ ಇದ್ರೆ ಚೆನ್ನಾಗಿ ಕಾಣಲ್ಲ, ಆ ಸಾಲುಗಳನ್ನೇ ತೆಗೆದುಬಿಡೋಣ್ವಾ?” ಅಂದಳು. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಆದರೆ ತೆಗೆದರೆ ಹಿಂದೆ ಯಾರೋ ಏನನ್ನೋ ನೋಡಿದ್ದರು ಅನ್ನುವ ಸುಳಿವೂ ಹೋಗುತ್ತದೆ. ಹಾಗೇ ಇಟ್ಟು, ಎದುರಿಗೆ ‘ಆಧಾರ ಸಿಕ್ಕಿಲ್ಲ’ ಅಂತ ಬರೆದೆವು. ಹುಡುಕಿದವರ ಹೆಸರು, ಹುಡುಕಿದ ದಿನವನ್ನೂ ಹಾಕಿದೆವು.

ಇನ್ನು ನಮ್ಮದೇ ಸೀಕ್ವೆನ್ಸ್‌ಗಳು. ಮಲೆನಾಡಿನ ತಳಿಗಳಿಂದ ಪರಿಮಳದ ಜೀನನ್ನು ಓದಿಸಿದ್ದೆವು. ಅದನ್ನು ಡೇಟಾಬೇಸಿಗೆ ಹಾಕುವಾಗ ಮೊದಲು ಕೇಳುವುದು ಜೀನ್ ಬಗ್ಗೆ ಅಲ್ಲ, ಭತ್ತದ ಬಗ್ಗೆ. ಯಾವ ತಳಿ, ಎಲ್ಲಿ ಸಿಕ್ಕಿತು, ಯಾವತ್ತು ತೆಗೆದುಕೊಂಡಿರಿ. ಜೀನ್ ನಂಬರ್‌ಗಳೆಲ್ಲ ನಿಪ್ಪೊನ್‌ಬಾರೆಯವು ಅಂತ ನಾನು ಅಭ್ಯಾಸ ಬಲದಿಂದ ಜೀವಿಯ ಸಂಖ್ಯೆಯ ಕಡೆ 39947 ಹಾಕಿದ್ದೆ. ಜಪೋನಿಕ, ಇಂಡಿಕ ಅನ್ನುವುದು ಭತ್ತದ ಎರಡು ಗುಂಪು. 39947 ಜಪೋನಿಕ ಗುಂಪಿನ ಸಂಖ್ಯೆ. ಇಂಡಿಕದ್ದು 39946. ಎರಡರಲ್ಲಿ ಯಾವುದು ಅಂತ ಖಾತ್ರಿ ಇಲ್ಲದಿದ್ದರೆ ಒಟ್ಟು ಭತ್ತಕ್ಕೇ 4530 ಇದೆ. ನಾವು 4530 ಹಾಕಿದೆವು.

ತಳಿಯ ಹೆಸರು ಇನ್ನೂ ಕಷ್ಟ. ಜೀರಿಗೆ ಸಣ್ಣ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು? ಜೀರಿಗೆಸಣ್ಣ, ಜಿರಿಗೆ ಸಣ್ಣ, ಜೀರಿಗ ಸಣ್ಣ, ನಮ್ಮ ಪ್ರಯೋಗಾಲಯದ ಡಬ್ಬಿಗಳ ಮೇಲೇ ಮೂರು ಥರ ಇತ್ತು. ಇದಕ್ಕೂ ತಮಿಳುನಾಡಿನ ಸೀರಗ ಸಾಂಬಾಕ್ಕೂ ಹೆಸರು ಹತ್ತಿರ, ಭತ್ತ ಬೇರೆ. ಒಂದು ಭತ್ತಕ್ಕೆ ನಾಲ್ಕು ಹೆಸರು, ಬೇರೆ ಭತ್ತಕ್ಕೆ ಹೆಚ್ಚುಕಡಿಮೆ ಅದೇ ಹೆಸರು. ಜೀನ್‌ಗಳಲ್ಲಿ ನೋಡಿದ ಕಥೆಯೇ ಇದು. ಬೀಜ ಕೊಟ್ಟವರನ್ನೇ ಕೇಳಿಬಿಡೋಣ ಅಂತ ತೀರ್ಥಹಳ್ಳಿ ಕಡೆ ಹೋದೆ.

ಅವರು ಎಪ್ಪತ್ತು ದಾಟಿದ ರೈತರು. ಜಗಲಿ ಮೇಲೆ ಕೂತು ನಾನು ತಂದ ಫಾರಂ ನೋಡಿದರು. ನಾನು ಕನ್ನಡದಲ್ಲಿ ಬರೆದು ತೋರಿಸಿದೆ. “ಸಣ್ಣ ಬೇರೆ ಬರೀರಿ, ಜೀರಿಗೆ ಬೇರೆ ಬರೀರಿ. ಸಣ್ಣ ಅಂದ್ರೆ ನಮ್ಮಲ್ಲಿ ಇನ್ನೂ ನಾಕು ಥರ ಉಂಟು” ಅಂದರು. ಒಳಗೆ ಹೋಗಿ ಒಂದು ಹಿಡಿ ಭತ್ತ ತಂದು ನನ್ನ ಅಂಗೈಗೆ ಹಾಕಿದರು. ಕಾಳು ನಿಜವಾಗಿ ಜೀರಿಗೆಯಷ್ಟೇ ಸಣ್ಣ. ಅವರ ಹೆಸರು, ತೋಟದ ಅಕ್ಷಾಂಶ ರೇಖಾಂಶ ಹಾಕಬಹುದಾ ಅಂತ ಕೇಳಿದೆ. ಅದು ಪ್ರಪಂಚದಲ್ಲಿ ಯಾರು ಬೇಕಾದರೂ ನೋಡುವ ಜಾಗ ಅಂತಲೂ ಹೇಳಿದೆ. “ನನ್ನ ಹೆಸರು ಎಂತಕ್ಕಮ್ಮ. ತಾಲೂಕು ಹಾಕಿ ಸಾಕು. ಭತ್ತದ ಹೆಸರು ಮಾತ್ರ ತಪ್ಪಬಾರದು ನೋಡಿ” ಅಂದರು. ಹಾಗೇ ಮಾಡಿದೆ. ತಳಿಯ ಹೆಸರನ್ನು ಎರಡು ಪದವಾಗಿ ಹಾಕಿದೆ, ಬೇರೆ ರೂಢಿಗಳನ್ನು ಟಿಪ್ಪಣಿಯಲ್ಲಿ ಸೇರಿಸಿದೆ. ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿನಿಂದ ಬಂದ ಮಾದರಿಗಳಿಗೆ ಅವರು ಗುರುತಿಗೆ ಕೊಟ್ಟ ಐಸಿ ಸಂಖ್ಯೆಯನ್ನೂ ಹಾಕಿದೆ.

ಕಚ್ಚಾ ಸೀಕ್ವೆನ್ಸ್ ಕಡತಗಳು ಫರೀದಾಬಾದಿನ ಇಂಡಿಯನ್ ಬಯಾಲಾಜಿಕಲ್ ಡೇಟಾ ಸೆಂಟರ್‌ಗೆ ಹೋದವು. ಸರ್ಕಾರದ ದುಡ್ಡಿನಲ್ಲಿ ತಯಾರಾದ ಜೈವಿಕ ದತ್ತಾಂಶ ಇಡಲಿಕ್ಕೆ ಅಂತಲೇ 2022ರಲ್ಲಿ ಶುರುವಾದ ಕೇಂದ್ರ ಅದು. ಗುರುತು ಹಾಕಿದ ಜೀನ್‌ಗಳನ್ನು ಅಮೆರಿಕದ ಸಾರ್ವಜನಿಕ ಡೇಟಾಬೇಸ್ ಜೆನ್‌ಬ್ಯಾಂಕಿಗೆ ಕಳಿಸಲು ಕೂತೆ. ಟೇಬಲ್2ಎಎಸ್‌ಎನ್ ಅಂತ ಒಂದು ಪ್ರೋಗ್ರಾಂ ಇದೆ. ನಮ್ಮ ಕಡತ ಕೊಟ್ಟರೆ ಮೊದಲು ತಪ್ಪು ಹುಡುಕಿ ಕೊಡುತ್ತದೆ. ಉಳಿದ ಮಾದರಿಗಳಿಗೆ ಸಣ್ಣಪುಟ್ಟ ತಕರಾರು. ಒಂದಕ್ಕೆ ಮಾತ್ರ ದೊಡ್ಡದಾಗಿ, ಪ್ರೋಟೀನಿನ ಮಧ್ಯದಲ್ಲಿ ಸ್ಟಾಪ್, ಅಂದರೆ ಓದು ಇಲ್ಲಿಗೆ ಮುಗಿಯಿತು ಅನ್ನುವ ಗುರುತು, ಇದೆ ಅಂತ ಬಂತು.

ಸೀಕ್ವೆನ್ಸ್ ಓದಿದ್ದೇ ತಪ್ಪಾಯಿತು ಅಂತ ಗಾಬರಿಯಾದೆ. ನಿಪ್ಪೊನ್‌ಬಾರೆಯ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ನೋಡಿದೆ. ಜೀನ್‌ನಲ್ಲಿ 15 ಎಕ್ಸಾನ್, ಅಂದರೆ ಪ್ರೋಟೀನಿಗೆ ಬೇಕಾಗುವ ತುಂಡುಗಳು. ಅವುಗಳ ನಡುವೆ ಬಿಟ್ಟು ಓದುವ ಭಾಗಗಳು ಇಂಟ್ರಾನ್. ಆರನೆಯದರ ತನಕ ಎಲ್ಲ ಸರಿ. ಏಳನೆಯದರಲ್ಲಿ ಎಂಟು ಅಕ್ಷರ ಇಲ್ಲ. ಪ್ರೋಟೀನಿಗೆ ಅಕ್ಷರಗಳನ್ನು ಮೂರುಮೂರಾಗಿ ಓದಬೇಕು. ಎಂಟು ಹೋದರೆ ಅಲ್ಲಿಂದ ಮುಂದಿನ ಓದೆಲ್ಲ ಪಲ್ಲಟ ಆಗಿ, ಸ್ವಲ್ಪ ದೂರದಲ್ಲೇ ಸ್ಟಾಪ್ ಸಿಗುತ್ತದೆ. 503 ಕೊಂಡಿಯ ಪ್ರೋಟೀನ್ ಅರ್ಧಕ್ಕೇ ನಿಂತುಹೋಗುತ್ತದೆ.

ಆ ಎಂಟು ಅಕ್ಷರ ನನಗೆ ಗೊತ್ತಿತ್ತು. 2005ರಲ್ಲಿ ಬಾಸ್ಮತಿ, ಜಾಸ್ಮಿನ್ ಅಕ್ಕಿಗಳ ಪರಿಮಳಕ್ಕೆ ಕಾರಣ ಅಂತ ವಿಜ್ಞಾನಿಗಳು ತೋರಿಸಿದ್ದು ಇದನ್ನೇ. ಪ್ರೋಗ್ರಾಂ ತಪ್ಪು ಅಂತ ಕೆಂಪು ಗುರುತು ಹಾಕಿದ ಜಾಗವೇ ಆ ಭತ್ತದ ಪರಿಮಳ. ಪರದೆಯ ಮುಂದೆ ಎಷ್ಟೋ ಹೊತ್ತು ಸುಮ್ನೆ ಕೂತಿದ್ದೆ. ನೂರಾರು ವರ್ಷ ನಮ್ಮ ಹಿರಿಯರು ಮೂಗಿನಿಂದಲೇ ಆರಿಸಿ, ಬೀಜ ಎತ್ತಿಟ್ಟು ಉಳಿಸಿಕೊಂಡು ಬಂದಿದ್ದು ಈ ಇಲ್ಲದ ಎಂಟು ಅಕ್ಷರವನ್ನು. ಯಾವ ತಳಿ ಅಂತ ನಮ್ಮ ಲೇಖನ ಪ್ರಕಟವಾದ ಮೇಲೆ ಹೇಳುತ್ತೇನೆ.

ಈಗ ಇದನ್ನು ದಾಖಲೆಯಲ್ಲಿ ಹೇಗೆ ಬರೆಯುವುದು? ಸುಲಭದ ದಾರಿ ಒಂದಿತ್ತು. ಗುರುತುಗಳನ್ನು ಸ್ವಲ್ಪ ಹಿಂದೆಮುಂದೆ ಸರಿಸಿ ಆ ಎಕ್ಸಾನನ್ನು ಇಂಟ್ರಾನ್ ಒಳಗೆ ತಳ್ಳಿದರೆ ಪ್ರೋಗ್ರಾಂ ಬಾಯಿ ಮುಚ್ಚಬಹುದು. ಹಾಗೆ ಮಾಡಿದರೆ ಇಲ್ಲದ ಪ್ರೋಟೀನ್ ಒಂದು ಹುಟ್ಟಿಕೊಳ್ಳುತ್ತದೆ. ಅಮೆರಿಕದ ಜೆನ್‌ಬ್ಯಾಂಕ್, ಯುರೋಪಿನ ಇಎನ್‌ಎ, ಜಪಾನಿನ ಡಿಡಿಬಿಜೆ ದಿನಾ ಒಂದಕ್ಕೊಂದು ದತ್ತಾಂಶ ಕೊಟ್ಟುಕೊಳ್ಳುತ್ತವೆ. ಅಲ್ಲಿನ ಪ್ರೋಟೀನ್‌ಗಳನ್ನು ಬೇರೆ ಡೇಟಾಬೇಸ್‌ಗಳೂ ಎತ್ತಿಕೊಳ್ಳುತ್ತವೆ. ಬೆಂಗಳೂರಿನಲ್ಲಿ ನಾನು ಬರೆದ ಒಂದು ಸುಳ್ಳು ಆಮೇಲೆ ಎಲ್ಲೆಲ್ಲೋ ಇರುತ್ತದೆ, ವಾಪಸ್ ಕರೆಯಲು ಆಗುವುದಿಲ್ಲ.

ಮೂರೂ ಡೇಟಾಬೇಸಿನವರು ಸೇರಿ ಮಾಡಿಕೊಂಡ ನಿಯಮ ಪುಸ್ತಕವನ್ನು ಎರಡು ದಿನ ಓದಿದೆ. ಕೆಟ್ಟ ಜೀನನ್ನು ಸೂಡೊಜೀನ್ ಅಂತ ಗುರುತಿಸಿ, ಯಾವ ಬಗೆ ಅಂತ ಹೇಳಬೇಕು. ಅದರಲ್ಲಿ ಒಂದು ಬಗೆ ‘ಅಲೀಲಿಕ್’. ಅಂದರೆ ಒಂದು ತಳಿಯಲ್ಲಿ ಈ ಜೀನ್ ಕೆಲಸ ಮಾಡುತ್ತದೆ, ಇನ್ನೊಂದು ತಳಿಯಲ್ಲಿ ಮಾಡುವುದಿಲ್ಲ, ಎರಡೂ ಆ ಜೀವಿಯಲ್ಲಿ ನೆಲೆಯಾಗಿ ಉಳಿದಿವೆ. ನಮಗೆ ಬೇಕಾಗಿದ್ದು ಇದೇ ಪದ. ಜೊತೆಗೆ ಟಿಪ್ಪಣಿಯಲ್ಲಿ, ಏಳನೇ ಎಕ್ಸಾನಿನಲ್ಲಿ ಎಂಟು ಅಕ್ಷರದ ಕೊರತೆ ಅಂತಲೂ, ಅದನ್ನು ಎರಡು ಬೇರೆ ಗಿಡಗಳಲ್ಲಿ ಓದಿ ಖಚಿತ ಮಾಡಿಕೊಂಡಿದ್ದೇವೆ ಅಂತಲೂ ಬರೆದೆ. ಕಳಿಸಿದ ಮೇಲೆ ಅಲ್ಲಿನ ಸಿಬ್ಬಂದಿಯಿಂದ ಒಂದು ಪ್ರಶ್ನೆ ಬಂತು, ಈ ಕೊರತೆ ಓದುವಾಗ ಆದ ತಪ್ಪಲ್ಲ ತಾನೇ ಅಂತ. ಎರಡನೇ ಗಿಡದ ಫಲಿತಾಂಶ ಕಳಿಸಿದೆ. ಕೆಲವು ದಿನ ಆದಮೇಲೆ ದಾಖಲೆಯ ಗುರುತು, ಅಕ್ಸೆಶನ್ ನಂಬರ್, ಬಂತು.

ಮೊದಲು ಫೋನ್ ಮಾಡಿದ್ದು ತೀರ್ಥಹಳ್ಳಿಗೆ. ಹೆಸರು ಎರಡು ಪದವಾಗಿಯೇ ಬಂದಿದೆ ಅಂತ ಓದಿ ಹೇಳಿದೆ. “ಹೌದಾ” ಅಂದರು. “ಈ ಸಲ ಮಳೆ ತಡ ಮಾರಾಯ್ತಿ, ಇನ್ನೂ ಸಸಿ ಕಿತ್ತಿಲ್ಲ” ಅಂದರು.

394 ಜೀನ್‌ಗಳ ಹಾಳೆಯನ್ನು ಝೆನೊಡೊದಲ್ಲಿ, ಸಂಶೋಧನೆಯ ಕಡತಗಳನ್ನು ಎಲ್ಲರಿಗೂ ಸಿಗುವ ಹಾಗೆ ಇಡುವ ಜಾಲತಾಣದಲ್ಲಿ, ಇಟ್ಟೆವು. ಅಲ್ಲಿ ಪ್ರತಿ ಆವೃತ್ತಿಗೂ ಡಿಒಐ ಎಂಬ ಬೇರೆ ಖಾಯಂ ಗುರುತು ಸಿಗುತ್ತದೆ, ಹಳೆಯದೂ ಉಳಿಯುತ್ತದೆ. ಸ್ಪ್ರೆಡ್‌ಶೀಟ್ ಅಲ್ಲ, ಬರೀ ಪಠ್ಯದ ಕಡತ. ಡೆಕ್1 ಅದರಲ್ಲಿ ಡೆಕ್1 ಆಗಿಯೇ ಇದೆ. ಎರಡು ತಿಂಗಳಲ್ಲಿ ಗುರುತೇ ಇಲ್ಲದ ಒಬ್ಬ ವಿದ್ಯಾರ್ಥಿ ಬರೆದ. ಆಧಾರ ಸಿಕ್ಕಿಲ್ಲ ಅಂತ ಇದ್ದ ಸಾಲುಗಳಲ್ಲಿ ಒಂದಕ್ಕೆ ಹಳೇ ಪಿಎಚ್‌ಡಿ ಪ್ರಬಂಧದಲ್ಲಿ ಪರೀಕ್ಷೆಯ ಫಲಿತಾಂಶ ಇದೆಯಂತೆ. ಪುಟದ ಫೋಟೋನೂ ಕಳಿಸಿದ್ದ. ಓದಿ ನೋಡಿ, ಆ ಸಾಲಿನಲ್ಲಿ ಅವನ ಹೆಸರು, ತಾರೀಖು ಹಾಕಿ ಎರಡನೇ ಆವೃತ್ತಿ ಬಿಟ್ಟೆವು. ಆಮೇಲೆ ಇನ್ನೂ ಕೆಲವು ಬಂದವು. ಈಗ ಆಧಾರ ಸಿಗದ 29 ಸಾಲು ಉಳಿದಿವೆ.